ಅಮಾವಾಸ್ಯೆಯ ಅರ್ಥಿಂಗ್

ಬ್ಯಾಂಕಿನವರ ಸಂಸಾರ ಗೊತ್ತಲ್ಲ, ವರ್ಗವಾದಾಗಲೆಲ್ಲ ಪಾತ್ರೆ ಪಡಗದ ಜೊತೆ ಡಿಶ್ಶೂ ಲಾರಿ ಹತ್ತುತ್ತದೆ. ಸಂಭಾಜಿನಗರದಲ್ಲಿದ್ದಾಗ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದು ನಮ್ಮ ಟಿವಿ ಸುಟ್ಟುಹೋಯಿತು. ವೈರು ಕೀಳಲು ಹೋದ ಅವ್ವನ ಕೈ ಜುಮ್ಮೆಂದು, ಕೆಲವು ದಿನ ಅನ್ನ ಕಲಸುವುದಕ್ಕೂ ಆಗಲಿಲ್ಲ. ಸಿಡಿಲಿನ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಡಿಶ್ಶಿಗೆ ಇರಲಿಲ್ಲ. ನಾಸಿಕ್‌ಗೆ ಬಂದಾಗ ಹಟ ಹಿಡಿದೆ: ಅರ್ಥಿಂಗ್ ಇಲ್ಲದೆ ಡಿಶ್ ಏರಿಸುವುದಿಲ್ಲ. ಹಾಗಂತ ಬಿಡುವಂತೆಯೂ ಇರಲಿಲ್ಲ. ಅವ್ವನಿಗೆ ಮರಾಠಿ ಒಂದಕ್ಷರ ತಿಳಿಯದು. ನಾನು ಬ್ಯಾಂಕಿಗೆ ಹೋದ ಮೇಲೆ ಅವಳ ಕಿವಿಗೆ ಕನ್ನಡ ಬೀಳುವುದು ಆ ಟಿವಿಯಿಂದ ಮಾತ್ರ.

ಮನೆಯ ಮಾಲಕಿಯನ್ನು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಅವರು ಬಸುರಿ ಸೊಸೆಯೊಂದಿಗೆ ನಮ್ಮ ಕೆಳಗಿರುತ್ತಿದ್ದರು. ಅವರನ್ನು ಕೇಳಿಯೇ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿದೆ. ಎಲೆಕ್ಟ್ರಿಶಿಯನ್ ಹೇಳಿದಂತೆ ತಾಮ್ರದ ಸಲಾಕೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ನೀರು ಹೊಯ್ದು, ಮಾಳಿಗೆಯ ಡಿಶ್ ಕಂಬದಿಂದ ತಂದ ದಪ್ಪ ತಂತಿಯನ್ನು ಸಲಾಕೆಯ ಮೇಲ್ತುದಿಗೆ ಬಿಗಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕಲಬುರಗಿ ಕಡೆ ಹೊಸದೇನು ಕೂಡಿಸಿದರೂ, ಬೋರಿನ ಮೋಟರಾಗಲಿ ಮಿಕ್ಸರಾಗಲಿ, ಪೂಜೆ ಆಗಲೇಬೇಕು. ಅವ್ವ ಸಲಾಕೆಗೆ ವಿಭೂತಿ ಹಚ್ಚಿ, ನಿಂಬೆಹಣ್ಣು ಕೊಯ್ದು ಕುಂಕುಮ ಸವರಿ ಗುಂಡಿಯ ಎರಡೂ ಬದಿಗಿಟ್ಟಳು. ನನಗೆ ರಜೆ ಇದ್ದದ್ದು ಆ ಭಾನುವಾರ. ಅಮಾವಾಸ್ಯೆ ಎಂದು ಯಾರಿಗೆ ನೆನಪಿತ್ತು!

ಮರುದಿನದಿಂದ ಕಾಕು ಮುಖ ತಿರುಗಿಸಿದರು. ಸೊಸೆಯನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. ಅವ್ವ ಕಳಿಸಿದ ಹೋಳಿಗೆ ಹಾಗೇ ವಾಪಸ್ಸು ಬಂತು. ತೇವ ಆರದಂತೆ ನಾನು ಗುಂಡಿಗೆ ನೀರು ಹೊಯ್ಯಲು ಇಳಿದರೆ ಕಿಟಕಿಯ ಪರದೆ ಅಲುಗುತ್ತಿತ್ತು. ಓಹೋ, ತಾಮ್ರದ ಮೇಲೆ ಕಣ್ಣು ಬಿದ್ದಿದೆ ಎಂದುಕೊಂಡೆ. ಎಂಥ ಜನರಪ್ಪಾ! ಬ್ಯಾಂಕಿಗೆ ಹೋಗುವಾಗೊಮ್ಮೆ, ಬಂದಾಗೊಮ್ಮೆ ಸಲಾಕೆ ಮುಟ್ಟಿ ನೋಡತೊಡಗಿದೆ.

ಒಂದು ಸಂಜೆ ಇಗತಪುರಿ ಕಡೆಯಿಂದ ಮೋಡ ಕವಿದು ಬಂತು. ಬಂದು ನೋಡುತ್ತೇನೆ, ಸಲಾಕೆಯೇ ಇಲ್ಲ. ತಂತಿ ಗಾಳಿಗೆ ತೂಗಾಡುತ್ತಿದೆ. ಮೈಯೆಲ್ಲ ಉರಿದುಹೋಯಿತು. ಮೊದಲು ಮೇಲಕ್ಕೋಡಿ ಟಿವಿಯ ಪ್ಲಗ್ಗು, ಕೇಬಲ್ಲು ಕಿತ್ತೆ. ಆಮೇಲೆ ಕಾಕುವಿನ ಬಾಗಿಲು ಬಡಿದೆ.

"ಗೋದಾವರಿಗೆ ಹಾಕಿಸಿಬಿಟ್ಟೆ," ಎಂದರು ಮರಾಠಿಯಲ್ಲಿ, ಒಂದಿಷ್ಟೂ ಅಳುಕದೆ. "ಅಮಾವಾಸ್ಯೆ ದಿನ ಇದ್ದಿಲು, ಉಪ್ಪು ಹೂತು ನಿಂಬೆಹಣ್ಣು ಇಡ್ತೀರಿ. ಹೋಗ್ತಾ ಬರ್ತಾ ಮುಟ್ಟಿ ನೋಡ್ತೀರಿ. ನನ್ನ ಸೊಸೆಗೆ ಹಿಂದೆ ಬಸಿರು ನಿಂತಿಲ್ಲ. ಇದು ಮಾಟ ಅಲ್ಲದೆ ಮತ್ತೇನು?"

ಸಿಡಿಲು, ಕರೆಂಟು, ಭೂಮಿ ಎಂದು ನನಗೆ ಬಂದಷ್ಟು ಮರಾಠಿಯಲ್ಲಿ ಒದರಿದೆ. ಕಾಕು ನಂಬಲಿಲ್ಲ. ಅವರ ಹಿಂದೆ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಡುಗುತ್ತ ನಿಂತಿದ್ದಳು.

ಗಲಾಟೆ ಕೇಳಿ ಅವ್ವ ಮೆಟ್ಟಿಲಿಳಿದು ಬಂದಳು. "ಏನಂತಾರೋ ತಮ್ಮಾ?"

ಹೇಳಿದೆ. ಅವ್ವ ಆ ಹುಡುಗಿಯನ್ನೇ ನೋಡುತ್ತ ನಿಂತಳು.

"ನಾಳೆ ಬ್ಯಾರೆ ಸಲಾಕಿ ತರ್ತೀನಿ," ಎಂದೆ. "ಅದ್ಯಾರು ಕೀಳ್ತಾರ ನೋಡೇ ಬಿಡ್ತೀನಿ."

"ಬ್ಯಾಡಪಾ. ಅಲ್ಲಿ ಇನ್ನ ಏನೂ ಹೂಳಬ್ಯಾಡ. ಹೊಟ್ಟಿಲಿದ್ದಾಕಿ ಅಂಜಬಾರದು. ಡಿಶ್ ಇಳಿಸಿಬಿಡು."

"ಮತ್ತ ನೀ ದಿನಾ ಪೂರ್ತಿ ಏನ್ ಮಾಡ್ತಿ ಅವ್ವಾ? ಮಾತಾಡ್ಲಿಕ್ಕೂ ಯಾರಿಲ್ಲ ನಿನಗ."

"ಆಕಿ ಹಡಿಯೋ ತನಕ ಸುಮ್ಮ ಕೂಡ್ತೀನಿ, ನಡಿ."