ಹೊಂಗೆ ಹೂವು ತಪ್ಪಿಸಿದ ದಾರಿ

ಅರವತ್ತರ ದಶಕದಲ್ಲಿ ಕೊಳ್ಳೇಗಾಲದ ನಾವು ನಾಲ್ವರು ಭಾನುವಾರ ಬೆಳಿಗ್ಗೆ ಒಟ್ಟಿಗೆ ಓಡುತ್ತಿದ್ದೆವು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಕಟ್ಟಿದ ಓಟದ ಸಂಘ ಅದು. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು, ಆಸ್ಪತ್ರೆಯ ಕಾಂಪೌಂಡರು, ಜವಳಿ ಅಂಗಡಿಯವರು ಉಳಿದ ಸದಸ್ಯರು. ಸಂಘ ಅನ್ನುವುದು ದೊಡ್ಡ ಮಾತಾಯಿತು. ಓಡಿದ ಮೇಲೆ ಹೋಟೆಲಿನಲ್ಲಿ ಕೂತು ಇಡ್ಲಿ ತಿನ್ನುತ್ತ ಹರಟುವುದೇ ನಮಗೆ ಮುಖ್ಯ. ಜವಳಿ ಅಂಗಡಿಯವರು ಕಚ್ಚೆ ಕಟ್ಟಿ ಓಡುತ್ತಿದ್ದರು. ಕಾಂಪೌಂಡರು ದಪ್ಪ ಆಸಾಮಿ. ಏದುಸಿರಿನಲ್ಲೂ ಮಾತು ನಿಲ್ಲಿಸಿದವರಲ್ಲ.

ಯುಗಾದಿ ಕಳೆದ ಒಂದು ಭಾನುವಾರಕ್ಕೆ ಮೇಷ್ಟ್ರು ಹೊಸ ಆಟ ಹೂಡಿದರು. ಅವರ ಹೆಂಡತಿಯ ತವರು ಯಳಂದೂರು. ಅವರಿಬ್ಬರೂ ಹಿಂದಿನ ದಿನವೇ ಅಲ್ಲಿಗೆ ಹೋಗಿರುತ್ತಾರೆ. ಬೆಳಿಗ್ಗೆ ಮೇಷ್ಟ್ರು ಊರಾಚೆಯಿಂದ ಸುವರ್ಣಾವತಿ ಹೊಳೆಯ ತನಕ ದಾರಿಯಲ್ಲಿ ಹಿಡಿ ಹಿಡಿ ಪುರಿ ಚೆಲ್ಲುತ್ತ ಹೋಗುವುದು, ಬಸ್ಸಿಳಿದ ನಾವು ಆ ಗುರುತು ಹಿಡಿದು ಓಡುವುದು. ಹೊಳೆದಂಡೆಯಲ್ಲಿ ಅವರ ಮನೆಯವರು ಉಪ್ಪಿಟ್ಟು ಇಟ್ಟುಕೊಂಡು ಕಾಯುತ್ತಾರೆ. ಮೊದಲು ಬಂದವರಿಗೆ ಚೆಂಡುಹೂವಿನ ಹಾರ.

ಗದ್ದೆ ಬದುವಿನ ಮೇಲೆ, ಹಿಪ್ಪುನೇರಳೆ ತೋಟಗಳ ಪಕ್ಕದಲ್ಲಿ ಓಡಿದೆವು. ಬೇವು ಹೂಬಿಟ್ಟ ಕಾಲ, ಗಾಳಿಯೆಲ್ಲ ಘಮಘಮ. ಒಂದು ಹೊಂಗೆ ತೋಪಿನ ಬಳಿ ದಾರಿ ಕವಲೊಡೆಯಿತು. ಎಡಗಡೆಯ ದಾರಿ ಉದ್ದಕ್ಕೂ ಬೆಳ್ಳಗಿತ್ತು.

“ಚೀಲ ಹೊರಲಾರದೆ ಎಲ್ಲಾನೂ ಇಲ್ಲೇ ಸುರ್ದವ್ರೆ ಮೇಷ್ಟ್ರು,” ಎಂದರು ಕಾಂಪೌಂಡರು.

ನಾವು ಖುಷಿಯಲ್ಲಿ ನುಗ್ಗಿದೆವು. ಬಹಳ ದೂರ ಹೋದಮೇಲೆ ಕಾಂಪೌಂಡರು ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡವರೇ ಥೂ ಎಂದು ಉಗಿದರು. ಹೊಂಗೆ ಹೂವು! ನೆಲ ಮುಚ್ಚುವಷ್ಟು ಉದುರಿತ್ತು. ನಕ್ಕು ನಕ್ಕು ಜವಳಿ ಅಂಗಡಿಯವರ ಕಚ್ಚೆಯೇ ಸಡಿಲವಾಯಿತು.

ಅಷ್ಟರಲ್ಲಿ ಬೆಲ್ಲ ಬೇಯುವ ವಾಸನೆ ಬಂತು. ವಾಸನೆಯ ಜಾಡು ಹಿಡಿದು ಒಂದು ಆಲೆಮನೆ ತಲುಪಿದೆವು. ಗೌಡರು ಕೊಪ್ಪರಿಗೆ ಮುಂದೆ ನಿಂತಿದ್ದರು. ಅವರ ಹೆಂಡತಿ, ನಲವತ್ತರ ಆಸುಪಾಸಿನ ಗಟ್ಟಿಗಿತ್ತಿ, ನಮ್ಮನ್ನು ಕಂಡು ಕೈಯಲ್ಲಿದ್ದ ಕಬ್ಬು ಕೆಳಗಿಟ್ಟರು.

“ಯಾರ್ ಸಾ ನಿಮ್ನ ಅಟ್ಟುಸ್ಕಂಡ್ ಬತ್ತಾ ಇರೋರು?”

“ಯಾರೂ ಇಲ್ಲ ಕಣಕ್ಕ. ಸುಮ್ನೆ ಓಡ್ತಾ ಇದೀವಿ,” ಎಂದೆ.

“ಸುಮ್ಸುಮ್ನೆ ಯಾರಾರ ಓಡಾರಾ?” ಎಂದವರು ಕಬ್ಬಿನ ಹಾಲು ಕೊಟ್ಟು, ಕತೆಯೆಲ್ಲ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಹೊಳೆಗೆ ದಾರಿ ತೋರಿಸಿ ಎಂದು ಗೌಡರನ್ನು ಕೇಳಿದೆವು. “ಪಾಕ ಬುಟ್ಟು ನಾ ಬರಕಾಗಕಿಲ್ಲ. ನೀನೇ ಓಗ್ಬುಟ್ಟು ಬಾ ಅಮ್ಮಿ,” ಎಂದು ಹೆಂಡತಿಗೆ ಹೇಳಿದರು.

ಆಕೆ ಮೊದಲು ನಡೆದರು, ನಾವು ಹಿಂದೆ. ಆಮೇಲೆ ಬಿರುಸಾಗಿ ನಡೆದರು. ಹೊಳೆ ಕಾಣುತ್ತಿದ್ದಂತೆ ಒಮ್ಮೆ ನಮ್ಮತ್ತ ತಿರುಗಿ ನೋಡಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಓಡಿಯೇಬಿಟ್ಟರು. ಬರಿಗಾಲಲ್ಲಿ, ಬದುವಿನಿಂದ ಬದುವಿಗೆ ಜಿಗಿಯುತ್ತ, ನಗುತ್ತ. ನಾನು ಆಗ ಇಪ್ಪತ್ತೈದರ ಹುಡುಗ. ಉಸಿರು ಕಟ್ಟಿ ಓಡಿದರೂ ಆಕೆಯ ಸೆರಗಿನ ತುದಿಯೂ ಸಿಗಲಿಲ್ಲ.

ಹೊಳೆದಂಡೆಯಲ್ಲಿ ಹಾರ ಹಿಡಿದು ನಿಂತಿದ್ದ ಮೇಷ್ಟ್ರು, ಗುರುತಿಲ್ಲದ ಹೆಂಗಸೊಬ್ಬಳು ತಮ್ಮತ್ತ ಓಡಿ ಬರುವುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆಯೇ ಬಂದ ನಾನು ವಿಷಯ ಹೇಳಿದೆ. ಮೇಷ್ಟ್ರ ಹೆಂಡತಿ ಗಂಡನ ಕೈಯಿಂದ ಹಾರ ಕಿತ್ತುಕೊಂಡು ತಾವೇ ಆಕೆಯ ಕೊರಳಿಗೆ ಹಾಕಿದರು.

“ಮದ್ವೆಗ್ ಮುಂಚೆ ಇಂಗ್ ಓಡ್ತಿದ್ದೆ ಕಣವ್ವ,” ಎಂದರು ಆಕೆ, ಮೊಗ ಕೆಂಪಾಗಿ. “ಮರ್ತೇ ಓಗಿತ್ತು.”

ಎಲ್ಲರೂ ನೀರಿಗೆ ಕಾಲು ಇಳಿಬಿಟ್ಟು ಉಪ್ಪಿಟ್ಟು ತಿಂದೆವು. ಆಕೆಯನ್ನು ಹಾಗೆಯೇ ಕಳಿಸಲು ಮನಸ್ಸು ಬರಲಿಲ್ಲ. ಮೇಷ್ಟ್ರ ಮಾವನ ಮನೆಯ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಆಲೆಮನೆಗೆ ಹೊರಟೆವು.

ಗೌಡರು ಹೆಂಡತಿಯ ಕೊರಳು ನೋಡಿದರು, ಗಾಡಿ ತುಂಬ ಕೂತಿದ್ದ ನಮ್ಮನ್ನು ನೋಡಿದರು.

“ಏನಮ್ಮಿ, ಎಲೆಕ್ಸನ್ ಗೆದ್ದಂಗ್ ಬಂದ್ಬುಟ್ಟೆ?”

“ಗೆದ್ದೆ ಕಣಿ,” ಎಂದು ಆಕೆ ಗಾಡಿಯಿಂದ ಧುಮುಕಿದರು. ಗೌಡರು ಬಿಸಿ ಬೆಲ್ಲವನ್ನು ಬಾಳೆಲೆಗೆ ಸುರಿದು ಮೊದಲು ಆಕೆಯ ಮುಂದೆ ಇಟ್ಟರು.