ಗಿರಣಿ ಬದಲಾಯಿತು, ಬರಹ ಬದಲಾಗಲಿಲ್ಲ

ಲಿಂಗಸುಗೂರಿನ ನನ್ನ ಗೆಳೆಯ ಶಾಲಾ ಮಾಸ್ತರ. ಕುಕ್ಕರು, ಸೈಕಲ್ಲು, ಶಾಯಿ ಪೆನ್ನು, ಮನೆಗೆ ತಂದದ್ದನ್ನೆಲ್ಲ ಬಳಸಿ ನೋಡಿ ತನ್ನದೇ ವೆಬ್‌ಸೈಟಿನಲ್ಲಿ ಬರೆಯುವುದು ಅವನ ಚಟ. ಸಿಂಧನೂರಿನಲ್ಲಿ ಕುಳಿತು ನಾನು ಓದುತ್ತೇನೆ. ಕುಕ್ಕರಿನ ಸೀಟಿಯ ಬಗ್ಗೆ ಅವನು ಬರೆದದ್ದು ಎಷ್ಟೋ ಕಥೆಗಳಿಗಿಂತ ಚೆನ್ನಾಗಿತ್ತು.

ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿಯ ಬಗ್ಗೆ ಅವನು ಬರೆದ ಪುಟವನ್ನು ಮಸ್ಕಿಯ ನನ್ನ ಅಕ್ಕನಿಗೆ ಕಳಿಸಿದೆ. ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಒಂದು ಖಾನಾವಳಿಗೆ ಕೊಡುತ್ತಾಳೆ. ‘ಹಿಟ್ಟು ಬಿಸಿಯಾಗದೆ ನುಣ್ಣಗೆ ಬೀಳುತ್ತದೆ, ರೊಟ್ಟಿಯ ಅಂಚು ಒಡೆಯುವುದಿಲ್ಲ’ ಎಂದಿತ್ತು ಪುಟದಲ್ಲಿ. ಅಕ್ಕ ಅದರ ಕೆಳಗಿನ ಲಿಂಕ್ ಒತ್ತಿ ಗಿರಣಿ ತರಿಸಿದಳು. ಸ್ವಲ್ಪ ದಿನಕ್ಕೇ ಫೋನ್ ಬಂತು.

“ಎಂಥಾ ಗಿರಣಿ ತೋರ್ಸಿದ್ಯೋ ತಮ್ಮಾ? ಹಿಟ್ಟು ಮುಟ್ಟಿದ್ರ ಕೈ ಸುಡ್ತೈತಿ. ಜಿಗಿನೇ ಇಲ್ಲ. ಬಡಿಯಾಕ ಹೋದ್ರ ರೊಟ್ಟಿ ನಿಮ್ಮ ಮಾಸ್ತರನ ಭಾಷಣದಂಗ ನಾಕೂ ದಿಕ್ಕಿಗೆ ಹೊಂಟೈತಿ.”

ಭಾಷಣದ ಹೋಲಿಕೆ ಅವಳದೋ, ಆಮೇಲೆ ನಾನು ಸೇರಿಸಿದ್ದೋ, ಈಗ ಹೇಳಲಾರೆ.

“ಬಿಸಿನೀರಾಗ ನಾದಿದೇನು?” ಎಂದೆ.

“ನನಗ ರೊಟ್ಟಿ ಕಲಿಸ್ತೀಯೇನ್ಲೇ? ಖಾನಾವಳಿಯಾಂವ ರೊಟ್ಟಿ ಹೊಳ್ಳಿ ಕಳಿಸ್ಯಾನ. ಹಿಂಗಾ ಆದ್ರ ಬ್ಯಾರೆ ಕಡೆ ತೊಗೋತೀನಿ ಅಂದಾನ.”

ಪುಟ ತೆರೆದು ನೋಡಿದೆ. ಚಿತ್ರದಲ್ಲಿದ್ದದ್ದು ಕಲ್ಲಿನ ಗಿರಣಿ. ಲಿಂಕ್ ಹೋಗಿ ನಿಂತದ್ದು ಬೇರೆ ಕಂಪನಿಯ, ಬ್ಲೇಡಿನ ಗಿರಣಿಯ ಮುಂದೆ. ಎರಡೂ ಬಿಳಿ ಪೆಟ್ಟಿಗೆಗಳೇ.

ಗೆಳೆಯನನ್ನು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕಂಡೆ ಎಂದು ಬರೆಯಲು ಹೊರಟಿದ್ದೆ. ಅವನ ಮನೆಯೂ ಇರಬಹುದು. ಎರಡೂ ಕಡೆ ನಾವು ಚಹಾ ಕುಡಿದಿದ್ದೇವೆ. ಮಾತು ಮಾತ್ರ ಹೆಚ್ಚುಕಡಿಮೆ ಇದೇ.

“ಹಳೇದು ಮಾರೂದು ನಿಂತೈತಿ. ಲಿಂಕ್ ಸತ್ತು ಬಿದ್ದಿತ್ತು. ಅದರಂಗ ಇರೂದು ಇನ್ನೊಂದು ಹಚ್ಚೀನಿ.”

“ಹೊಸದು ನೀ ಬಳಸೀಯೇನು?”

“ಇಲ್ಲ.”

“ಯಾರರೆ ತೊಗೊಂಡ್ರ ನಿನಗ ಕಮಿಷನ್ ಬರ್ತೈತೇನು?”

“ಎಲ್ಲಾರಿಗೂ ಬರ್ತೈತಿ. ವೆಬ್‌ಸೈಟಿನ ಬಾಡಗಿ ನೀ ಕಟ್ತೀಯೇನ್ಲೇ?”

ಕಮಿಷನ್ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಡೆಯ ದನದ ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾನೆ. ಸುತ್ತ ನಿಂತವರಿಗೆ ದರ ತಿಳಿಯದು, ಆದರೆ ಟವೆಲ್ ಕಾಣುತ್ತದೆ. ಅದು ಕಂಡ ಮೇಲೆ ನಾವು ಎತ್ತಿನ ಬಾಯಿ ಬಿಡಿಸಿ ಹಲ್ಲನ್ನು ನಾವೇ ನೋಡುತ್ತೇವೆ. ನೋಡಿದ ಎತ್ತೇ ನಮ್ಮ ಹಿಂದೆ ಬರುತ್ತದೆ. ಅವನ ಪುಟದಲ್ಲಿ ಟವೆಲ್ಲೂ ಇರಲಿಲ್ಲ, ಎತ್ತೂ ಬೇರೆಯಾಗಿತ್ತು. ಹಾಗೆಂದೇ ಹೇಳಿದೆ.

“ಕಡೀಕ ನನ್ನ ದನದ ದಲ್ಲಾಳಿ ಮಾಡಿದೆಲ್ಲೋ,” ಎಂದು ನಕ್ಕ. “ಒಂದು ಸಾಲು ಬರೀತೀನಿ ಬಿಡು,” ಎಂದ.

ಬರೆದ. ‘ಇಲ್ಲಿ ಕೊಂಡರೆ ನನಗೆ ಕಮಿಷನ್ ಬರುತ್ತದೆ. ಈ ಗಿರಣಿಯನ್ನು ನಾನು ಬಳಸಿಲ್ಲ.’ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ಮೇಲೆ ರೊಟ್ಟಿಯ ಅಂಚು ಇನ್ನೂ ಒಡೆಯದೆ ಉಳಿದಿತ್ತು.

ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಷ್ಟರಲ್ಲಿ ಅವಳು ಜೋಳವನ್ನು ಮತ್ತೆ ಪೇಟೆಯ ಗಿರಣಿಗೆ ಹೊತ್ತೊಯ್ದು ಬೀಸಿಸಿಕೊಂಡು ಬರುತ್ತಿದ್ದಳು. ಖಾನಾವಳಿ ಕೈಬಿಟ್ಟಿರಲಿಲ್ಲ.

“ಮ್ಯಾಲೆ ಬರೀಬೇಕಾದ್ದು ತಳಕ್ಕ ಬರ್ದಾನ,” ಎಂದಳು. “ಇರ್ಲಿ, ಈ ಗಿರಣಿ ಡಬ್ಬಿ ಖಾರ ಮಾತ್ರ ಚಲೋ ಬೀಸ್ತೈತಿ. ಅದನ್ನರೆ ಬರಿ ಅನ್ನು ಅವಂಗ.”

ಗೆಳೆಯನಿಗೆ ಹೇಳಿದೆ. ಮುಂದೆ ಯಾವಾಗಲೋ ಪುಟ ತೆರೆದಾಗ ಹೊಸ ವಾಕ್ಯವಿತ್ತು: ‘ಒಣಮೆಣಸಿನಕಾಯಿಯೂ ಇದರಲ್ಲಿ ಚೆನ್ನಾಗಿ ಪುಡಿಯಾಗುತ್ತದೆ, ನಮ್ಮ ಮನೆಯಲ್ಲಿ ನೋಡಿದ್ದೇವೆ.’ ಪಕ್ಕದಲ್ಲೇ ಲಿಂಕ್.