ಹಿಟ್ಟು ತೊಳಸಲಾಗದ ಒಲೆ

ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಕಾಲೇಜಿನವರು ನನ್ನನ್ನು ಕರೆಸಿ, ಶಾಲು ಹೊದಿಸಿ, ಪರಿಸರಸ್ನೇಹಿ ಕಟ್ಟಡಗಳ ಕಡೆಗೆ ನೀವು ಹೇಗೆ ಬಂದಿರಿ, ನಮ್ಮ ಮಕ್ಕಳಿಗೆ ಹೇಳಿ ಎನ್ನುತ್ತಾರೆ. ನಾನೂ ಗಂಭೀರವಾಗಿ ಮೈಕು ಸರಿಮಾಡಿಕೊಂಡು ಗಾಳಿ, ಬೆಳಕು, ಮಣ್ಣು, ಮುಂದಿನ ಪೀಳಿಗೆ ಎಂದು ಇಪ್ಪತ್ತು ನಿಮಿಷ ಕೊರೆಯುತ್ತೇನೆ. ಶ್ರೀರಂಗಪಟ್ಟಣದಲ್ಲಿ ಅಂಗಡಿಯೊಂದರ ಮೇಲಿರುವ ನನ್ನ ಆಫೀಸಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೇ ನಗು ಬರುತ್ತದೆ. ನಾನು ಈ ಕಸುಬಿಗೆ ಬಂದದ್ದು ಒಂದು ಒಲೆಯಿಂದ. ಅದು ಕೆಲಸಕ್ಕೆ ಬಾರದ ಒಲೆ, ಕಟ್ಟಿದವಳು ನಾನೇ. ಇಷ್ಟನ್ನು ಹೇಳಿದರೆ ಶಾಲು ಬಿಚ್ಚಿಸಿಕೊಳ್ಳುತ್ತಾರೇನೋ ಎಂದು ಈವರೆಗೆ ಹೇಳಿಲ್ಲ.

ನಮ್ಮೂರು ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ಕಡೆ, ಕಾಲುವೆಯ ಮಗ್ಗುಲಲ್ಲಿದೆ. ಅಪ್ಪ ನೀರಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಬಿಡಬೇಕೆಂದು ತೂಬು ಕಾಯುವ ಕೆಲಸ. ಊರಿನ ಅರ್ಧ ಜನ ಅವರನ್ನು ಬೈಯುತ್ತಿದ್ದರು, ಇನ್ನರ್ಧ ಜನ ನಾಳೆ ಬೈಯಲು ಕಾದಿರುತ್ತಿದ್ದರು. ಹಾಗಾಗಿ ಮನೆಯಲ್ಲಿ ಅವರ ಮಾತು ಕಡಿಮೆ, ಆಡಿದ್ದು ಕಡ್ಡಿ ಮುರಿದಂತೆ.

ಪಿಯುಸಿ ಎರಡನೇ ವರ್ಷದಲ್ಲಿ ನನಗೆ ಜ್ಞಾನೋದಯವಾಯಿತು. ಊರಾಚೆಯ ಆಲೆಮನೆಗೆ ಬೆಲ್ಲ ತರಲು ಹೋದವಳು ಒಲೆಯ ಮುಂದೆ ನಿಂತುಬಿಟ್ಟೆ. ಕಬ್ಬಿನ ರಸ ಹಿಂಡಿ ಉಳಿದ ಸಿಪ್ಪೆಯನ್ನು ಒಣಗಿಸಿ, ಅದೇ ಸಿಪ್ಪೆಯ ಉರಿಯಲ್ಲಿ ಅದೇ ರಸವನ್ನು ಕಾಯಿಸುತ್ತಿದ್ದರು. ಹೊರಗಿನಿಂದ ಒಂದು ಕಡ್ಡಿ ಸೌದೆ ಬೇಕಿರಲಿಲ್ಲ. ಹೊಗೆಯೆಲ್ಲ ಎತ್ತರದ ಹೊಗೆಗೂಡಿನಿಂದ ಆಚೆ ಹೋಗುತ್ತಿತ್ತು. ಮನೆಗೆ ಬಂದರೆ ಅಮ್ಮ ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಗ್ಯಾಸು ಇತ್ತು, ಅದು ನೆಂಟರ ಕಾಫಿಗೆ. ಮುದ್ದೆ, ಸಾರು, ಸ್ನಾನದ ನೀರು ಎಲ್ಲ ಸೌದೆಯಲ್ಲೇ. ಬೆಲ್ಲಕ್ಕೆ ಹೊಗೆಗೂಡು ಇದೆ, ಅಮ್ಮನಿಗೆ ಯಾಕಿಲ್ಲ ಎಂದು ನಾನು ಊಟಕ್ಕೆ ಕೂತಿದ್ದ ಅಪ್ಪನನ್ನು ಕೇಳಿದೆ. ಅಪ್ಪ ಇನ್ನೊಂದು ತುತ್ತು ನುಂಗಿದರು.

ಆ ಹೊತ್ತಿಗೆ ನನ್ನ ಮುಂದಿನ ಓದಿನ ಮಾತು ಮನೆಯಲ್ಲಿ ನಡೆದಿತ್ತು. ಆದಿಚುಂಚನಗಿರಿ ಕಡೆ ನರ್ಸಿಂಗ್ ಓದಿದರೆ ಬೇಗ ಕೆಲಸ ಸಿಗುತ್ತದೆ ಎಂದು ಅಪ್ಪ ಮನಸ್ಸಿನಲ್ಲೇ ನಿರ್ಧರಿಸಿದ್ದರು. ನನಗೆ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುವ ಹುಚ್ಚು. ಮನೆ ಕಟ್ಟಲು ಗಾರೆಯವನಿದ್ದಾನೆ, ಅದಕ್ಕೆ ಐದು ವರ್ಷ ಓದುವುದೇನಿದೆ ಎನ್ನುವುದು ಅವರ ವಾದ. ನಾನು ಅತ್ತೆ, ಊಟ ಬಿಟ್ಟೆ, ಬಿಟ್ಟ ಊಟವನ್ನು ಮಧ್ಯಾಹ್ನ ಕದ್ದು ತಿಂದೆ. ಕೊನೆಗೆ ಒಂದು ದಿನ ಅಪ್ಪ ಹೇಳಿದರು, “ಅದೇನೋ ಒಗೆ ಇಲ್ದಿರೋ ಒಲೆ ಅಂತಿದ್ದೆಲ್ಲ, ಕಟ್ಟು. ರಿಸಲ್ಟ್ ಬರೋಗಂಟ ನಿಮ್ಮವ್ವ ಅದ್ರಲ್ಲೇ ಅಡ್ಗೆ ಮಾಡಿದ್ರೆ ಮೈಸೂರು. ಇಲ್ದಿದ್ರೆ ನರ್ಸಿಂಗು.”

ಆಲೆಮನೆಯ ಒಲೆಯನ್ನು ನಾಲ್ಕು ಸಲ ಅಳೆದು ಬಂದೆ. ಲೈಬ್ರರಿಯಿಂದ ಒಂದು ಪುಸ್ತಕ ತಂದೆ. ಅದರಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟ ಹೆಂಗಸೊಬ್ಬಳು ಸೊಂಟದೆತ್ತರದ ಒಲೆಯ ಮುಂದೆ ನಿಂತು ನಗುತ್ತಿದ್ದಳು. ಆ ಹೆಂಗಸು ಜನ್ಮದಲ್ಲಿ ಮುದ್ದೆಗೆಂದು ಹಿಟ್ಟು ತೊಳಸಿದವಳಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನಮ್ಮ ತಾಯಂದಿರು ಬಗ್ಗಿ ಬಗ್ಗಿ ಸವೆದರು, ಇನ್ನು ನೆಟ್ಟಗೆ ನಿಲ್ಲಲಿ ಎಂದು ಭಾಷಣ ಮಾಡುತ್ತಾ ಇಟ್ಟಿಗೆ ಜೋಡಿಸಿದೆ. ಉರಿ ಪೋಲಾಗದಂತೆ ಪಾತ್ರೆ ಕತ್ತಿನವರೆಗೆ ಒಲೆಯೊಳಗೆ ಇಳಿಯಬೇಕು, ಸುತ್ತ ಒಂದು ಬೆರಳಿನಷ್ಟೇ ಸಂದು. ಹೊಗೆಯ ಕೊಳವೆಯನ್ನು ಪಾಂಡವಪುರದ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಸಾಬರು ಮಾಡಿಕೊಟ್ಟರು. ಅಮ್ಮ ಮಣ್ಣು ಕಲಸಿಕೊಟ್ಟಳು. ನಾನು ಹೇಳುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು.

ಒಲೆ ಗೆದ್ದಿತು. ಸಂಜೆಯಾದರೆ ಹೆಂಚಿನ ಮೇಲಿನ ಕೊಳವೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು, ಅಡುಗೆಮನೆಯಲ್ಲಿ ಗೋಡೆ ಬೆಳ್ಳಗೇ ಇತ್ತು. ಹಿಟ್ಟು ತೊಳಸುವ ಹೊತ್ತಿಗೆ ಮಾತ್ರ ಅಮ್ಮ ನನ್ನನ್ನು ಓದಿಕೋ ಎಂದು ಜಗಲಿಗೆ ಅಟ್ಟುತ್ತಿದ್ದಳು. ಎಂಥ ತಾಯಿ ಎಂದು ನಾನು ಹೆಮ್ಮೆಪಟ್ಟೆ. ಅಕ್ಕಪಕ್ಕದವರು ಬಂದು ನೋಡಿ, ನೀರಗಂಟಿ ಮಗಳು ಕಲಿತವಳು ಬುಡು ಎಂದರು. ಹೊಸಹೊಳಲಿನ ಹತ್ತಿರದ ಸೋದರತ್ತೆ ತನಗೂ ಒಂದು ಬೇಕೆಂದಳು. ಕೆ.ಆರ್. ಪೇಟೆಯ ಬಸ್ಸು ಹತ್ತಿ ಹೋಗಿ ಕಟ್ಟಿಕೊಟ್ಟು, ಒಂದು ಕುಪ್ಪಸದ ಕಣ ಉಡುಗೊರೆ ಪಡೆದು ಬಂದೆ. ರಿಸಲ್ಟ್ ಬಂತು. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ, “ಚೆನ್ನಾಗುರೀತದೆ, ಕಳ್ಸಿ,” ಎಂದಳು. ಅಪ್ಪ ಮಾತಿಗೆ ತಪ್ಪುವವರಲ್ಲ, ನಾನು ಮೈಸೂರಿಗೆ ಹೋದೆ.

ಹಾಸ್ಟೆಲಿನಲ್ಲಿ ನಾನು ಆ ಒಲೆಯ ಕತೆ ಹೇಳದೆ ಯಾರನ್ನೂ ಬಿಡಲಿಲ್ಲ. ಮೊದಲ ವರ್ಷ ಊರಿಗೆ ಹೋದದ್ದೇ ಎರಡು ಸಲ, ಅದೂ ಹಬ್ಬಕ್ಕೆ, ಒಬ್ಬಟ್ಟು ತಿಂದು ಓಡಿಬರಲು. ಫೋನು ಮಾಡಿದಾಗ ಒಲೆ ಹೇಗಿದೆ ಎಂದು ಅಮ್ಮ ಹೇಗಿದ್ದಾಳೆ ಎನ್ನುವುದಕ್ಕಿಂತ ಮೊದಲು ಕೇಳುತ್ತಿದ್ದೆ. ಬೇಸಿಗೆ ರಜೆ ಬಂದಾಗ ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಹೊರಟು, ಮಟಮಟ ಮಧ್ಯಾಹ್ನ ಊರು ತಲುಪಿದೆ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಒಲೆ ತಣ್ಣಗೆ ಕೂತಿತ್ತು. ಪಾತ್ರೆ ಇಳಿಯಬೇಕಾದ ತೂತಿಗೆ ತಟ್ಟೆ ಮುಚ್ಚಿ, ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದರು. ಹಿಂದುಗಡೆಯಿಂದ ಕೆಮ್ಮು ಕೇಳಿಸಿತು. ಕೊಟ್ಟಿಗೆಗೆ ಒತ್ತಿಕೊಂಡ ಬಚ್ಚಲುಮನೆಯಲ್ಲಿ, ಕಿಟಕಿಯೂ ಇಲ್ಲದ ಜಾಗದಲ್ಲಿ, ಅಮ್ಮ ಮೂರು ಕಲ್ಲಿನ ಒಲೆ ಹೂಡಿದ್ದಳು. ಹೊಗೆಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕುದಿಯುವ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ಅಲುಗದಂತೆ ಕವೆಗೋಲನ್ನು ಸಿಕ್ಕಿಸಿ ಎರಡೂ ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಹಿಟ್ಟು ತೊಳಸುತ್ತಿದ್ದಳು. ಬಾಗಿಲಲ್ಲಿ ನಿಂತ ನನಗೆ ಆಗ ಅರ್ಥವಾಯಿತು. ಹಿಟ್ಟು ತೊಳಸಲು ಕಾಲು ಬೇಕು. ಪಾತ್ರೆ ಒಲೆಯಿಂದ ಇಳಿಯಬೇಕು, ಮತ್ತೆ ಬೇಯಲು ಏರಬೇಕು, ಮತ್ತೆ ಇಳಿಯಬೇಕು. ನನ್ನ ಒಲೆಯಲ್ಲಿ ಕತ್ತಿನವರೆಗೆ ಹುಗಿದ, ಕುದಿಯುವ ಪಾತ್ರೆಯನ್ನು ಸೊಂಟದೆತ್ತರದಿಂದ ಎತ್ತಿ ಇಳಿಸಲು ಪೈಲ್ವಾನನೇ ಬೇಕು. ಹದಿನೇಳು ವರ್ಷ ದಿನಕ್ಕೆರಡು ಹೊತ್ತು ಮುದ್ದೆ ನುಂಗಿದವಳು ಅದು ಹೇಗೆ ಆಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ನಿಧಾನಕ್ಕೆ ಎಲ್ಲ ಬಾಯಿಬಿಡಿಸಿದೆ. ಒಲೆ ಕಟ್ಟಿದ ಮೊದಲ ವಾರವೇ ಕೈ ಸುಟ್ಟುಕೊಂಡು ಈ ಏರ್ಪಾಡು ಮಾಡಿಕೊಂಡಿದ್ದಳಂತೆ. ಸ್ನಾನದ ನೀರು ಕಾಯಿಸುವ ಜಾಗವಾದ್ದರಿಂದ ಅಲ್ಲಿ ಹೊಗೆ ಎದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಸಂಜೆ ಅಪ್ಪ ಕಾಲುವೆಯಿಂದ ಬರುವ ಹೊತ್ತಿಗೆ ನನ್ನ ಒಲೆಗೆ ನಾಲ್ಕು ತೆಂಗಿನ ಚಿಪ್ಪು ಹಾಕಿ ಕೊಳವೆಯಲ್ಲಿ ಹೊಗೆ ಬರುವಂತೆ ಮಾಡುತ್ತಿದ್ದಳು. ಸೌದೆ ಉಳಿಸುವ ನನ್ನ ಒಲೆಯಿಂದಾಗಿ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಸೋದರತ್ತೆಯಂತೂ ನಾಲ್ಕೇ ದಿನಕ್ಕೆ ತನ್ನದನ್ನು ಒಡೆದು ಆ ಇಟ್ಟಿಗೆಯಲ್ಲಿ ಕೋಳಿಗೂಡು ಕಟ್ಟಿದ್ದಳು, ಬಾಯಿ ಬಿಡಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಳು.

ಈಗಲೇ ಒಡೆದು ಸರಿಯಾಗಿ ಕಟ್ಟುತ್ತೇನೆ ಎಂದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಒಡೆದರೆ ಅಪ್ಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಓದು ನಿಲ್ಲುತ್ತದೆ. ಇನ್ನು ನಾಲ್ಕು ವರ್ಷ ತಾನೇ, ತೊಳಸಿಕೊಂಡು ಹೋಗುತ್ತೇನೆ ಎಂದಳು. ನಾಲ್ಕು ವರ್ಷ ಎನ್ನುವುದನ್ನು ಅವಳು ನಾಲ್ಕು ಮೆಟ್ಟಿಲು ಎನ್ನುವ ಹಾಗೆ ಹೇಳಿದಳು. ನನಗೆ ಮೈಸೂರು ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂರು ದಿನ ಸುಮ್ಮನಿದ್ದೆ. ಮೂರು ದಿನವೂ ಬಚ್ಚಲಿನಲ್ಲಿ ತೊಳಸಿದ ಮುದ್ದೆಯನ್ನು ತಿಂದೆ, ಚೆನ್ನಾಗಿಯೂ ಇತ್ತು. ನಾಲ್ಕನೆಯ ದಿನ ಅಪ್ಪ ಜಗಲಿಯ ಮೇಲೆ ಕೂತಿದ್ದಾಗ ಹಾರೆ ತಂದು ಒಲೆಗೆ ಹಾಕಿದೆ.

ಅಮ್ಮ ಓಡಿಬಂದಳು. ಅವಳು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ, ಏಟು ಬೀಳಲಿಲ್ಲ. “ನಂದೊಂದ್ ವರ್ಸದ ಕೆಮ್ಮ ನೀರ್ಗಾಕ್ಬುಟ್ಯಲ್ಲ,” ಎಂದಳು. ಸದ್ದಿಗೆ ಅಪ್ಪ ಒಳಗೆ ಬಂದರು. ನಾನು ಹಾರೆ ಹಿಡಿದುಕೊಂಡೇ ಎಲ್ಲ ಹೇಳಿದೆ, ಚಿಪ್ಪಿನ ಹೊಗೆಯನ್ನೂ ಬಿಡಲಿಲ್ಲ. ಅಪ್ಪ ಇಟ್ಟಿಗೆ ರಾಶಿ ನೋಡಿದರು, ಬಚ್ಚಲುಮನೆಗೆ ಹೋಗಿ ಮಸಿ ಹಿಡಿದ ಸೂರು ನೋಡಿ ಬಂದರು.

“ಸರ್ಯಾಗ್ ಕಟ್ಟಾಕೆ ಬತ್ತದಾ ಈಗ?” ಎಂದರು.

ಬರುತ್ತದೆ ಎಂದೆ. ಆಮೇಲೆ, ಗೊತ್ತಿಲ್ಲ ಎಂದೆ.

“ಬರ್ನಿಲ್ಲ ಅಂದ್ರೆ ಇನ್ನೂ ಓದ್ಬೇಕು ಅಂತ. ತೂಬು ಸೋರ್ತದೆ ಅಂತ ಯಾರಾದ್ರೂ ಕಾಲ್ವೆ ಮುಚ್ತಾರಾ,” ಎಂದು ಹೇಳಿ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಕಾಲುವೆ ಕಡೆ ಹೊರಟುಹೋದರು.

ಮಾರನೆಯ ಬೆಳಿಗ್ಗೆ ನಾನು ಮೊದಲ ಇಟ್ಟಿಗೆ ಇಡುತ್ತಿದ್ದಂತೆ ಅಮ್ಮ ಹಿಂದಿನಿಂದ, ಅಷ್ಟು ಎತ್ತರ ಬೇಡ ಎಂದಳು. ಒಂದು ವರ್ಷ ಕಟ್ಟಿಟ್ಟಿದ್ದ ಮಾತು ಅಲ್ಲಿಂದ ಹರಿಯಿತು. ಒಲೆಯ ಬಾಯಿ ಚಿಕ್ಕದು, ಸೌದೆಯನ್ನೇನು ಪೆನ್ಸಿಲ್ಲಿನಂತೆ ಸೀಳಲೇ? ಕೊಳವೆ ಇರುವ ಕಡೆ ಮಳೆನೀರು ಇಳಿಯುತ್ತದೆ. ಪಕ್ಕದಲ್ಲಿ ಕೋಲು ಇಡಲು ಜಾಗವಿಲ್ಲ. ಮಣೆ ಹಾಕಿ ಕೂತರೆ ಮಂಡಿ ಒಲೆಗೆ ತಗಲುತ್ತದೆ. ಬೂದಿ ತೆಗೆಯಲು ಇಲಿಯ ಕೈಯೇ ಬೇಕು. ನಾನು ಕಾಲೇಜಿನ ನೋಟ್‌ಬುಕ್ಕು ತಂದು ಬರೆದುಕೊಳ್ಳತೊಡಗಿದೆ. ಎರಡು ಪುಟ ತುಂಬಿತು. ಆ ವರ್ಷ ಮೇಷ್ಟರುಗಳು ಬರೆಸಿದ್ದೆಲ್ಲ ಮರೆತಿದೆ, ಆ ಎರಡು ಪುಟದಿಂದಲೇ ಇವತ್ತಿಗೂ ಊಟ ಮಾಡುತ್ತಿದ್ದೇನೆ. ನಾಗಮಂಗಲದಲ್ಲಿ ಹಾಸ್ಟೆಲೊಂದರ ಅಡುಗೆಮನೆ ಕಟ್ಟುವಾಗ ಅಡುಗೆಯವರನ್ನು ಕೂರಿಸಿ ಕಾಲು ಅಳೆದೆ, ಕಂಟ್ರಾಕ್ಟರು ನನಗೆ ತಲೆ ಸರಿಯಿಲ್ಲ ಎಂದುಕೊಂಡರು.

ಒಲೆಯನ್ನು ನೆಲಮಟ್ಟಕ್ಕೆ ಇಳಿಸಿ, ಪಕ್ಕದಲ್ಲಿ ಪಾತ್ರೆ ಜಾರಿಸಿಕೊಳ್ಳಲು ಒಂದು ಕಲ್ಲು ಹಾಕಿದೆವು. ಅಮ್ಮ ಮಣೆಯ ಮೇಲೆ ಕೂತು, ಉರಿಯಿಲ್ಲದ ಖಾಲಿ ಪಾತ್ರೆಯಲ್ಲಿ ಕೋಲು ತಿರುವಿ ನೋಡಿದಳು. ಇಷ್ಟೆಲ್ಲ ಗೊತ್ತಿತ್ತಲ್ಲ, ಮೊದಲೇ ಹೇಳಬಾರದಿತ್ತೇ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

“ನೀನು ಯೇಳ್ತಾ ಇದ್ದೆ. ನನ್ನ ಏನೂ ಕೇಳ್ನಿಲ್ಲವಲ್ಲ ಮಗ,” ಎಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿ, ಕಲ್ಲು ಅಲುಗುತ್ತದೆಯೇ ಎಂದು ಹಿಮ್ಮಡಿಯಿಂದ ಒತ್ತಿ ನೋಡಿದಳು. ಆ ಒಲೆ ಇಂದಿಗೂ ಉರಿಯುತ್ತಿದೆ, ಊರಿನಲ್ಲಿ ಹತ್ತಾರು ಮನೆಯಲ್ಲಿ ಅಂಥದೇ ಒಲೆಗಳಿವೆ. ಬಚ್ಚಲಿನ ಹೊಗೆ ಕುಡಿದ ಆ ವರ್ಷದ ಕೆಮ್ಮು ಮಾತ್ರ ಅಮ್ಮನನ್ನು ಪೂರ್ತಿ ಬಿಡಲೇ ಇಲ್ಲ. ಚಳಿ ಶುರುವಾದರೆ ಫೋನಿನಲ್ಲಿ ಕೇಳಿಸುತ್ತದೆ. ಅವಳು ದೂಳು ಎನ್ನುತ್ತಾಳೆ, ಇಬ್ಬನಿ ಎನ್ನುತ್ತಾಳೆ. ನನಗೆ ಗೊತ್ತು, ಆ ಕೆಮ್ಮನ್ನು ಕಟ್ಟಿದವಳು ನಾನು.